ಹಳೆಯ ಹಲ್ಲಿನ ಕಿಟ್ಟವನ್ನು ಕೆಡಿಸದೆ ತೆಗೆಯುವುದು ಹೇಗೆ? ಅಗೆತದ ಗುಂಡಿಯಿಂದ ಮೈಕ್ರೋಸ್ಕೋಪ್‌ವರೆಗೆ ಸಮಗ್ರ ಮಾರ್ಗದರ್ಶಿ

ನನ್ನ ಟೇಬಲ್ಲಿಗೆ ಬರುವ ಪುರಾತನ ಹಲ್ಲುಗಳಲ್ಲಿ ಅರ್ಧಕ್ಕರ್ಧ ಬೆಳ್ಳಗೆ ಹೊಳೆಯುತ್ತಿರುತ್ತವೆ. ಅಗೆದವರು ಅಕ್ಕರೆಯಿಂದ ನೀರು, ಟೂತ್‌ಬ್ರಷ್ ಹಿಡಿದು ಉಜ್ಜಿ, ಬಿಸಿಲಿಗೆ ಒಣಗಿಸಿ, ಹತ್ತಿಯಲ್ಲಿ ಸುತ್ತಿ ಕಳಿಸಿರುತ್ತಾರೆ. ನೋಡಲು ಚೆಂದ. ಆದರೆ ನಮಗೆ ಬೇಕಾಗಿದ್ದ ವಸ್ತು ಆ ಬ್ರಷ್ಷಿನ ಜೊತೆ ಚರಂಡಿಗೆ ಹೋಗಿರುತ್ತದೆ.

ಆ ವಸ್ತು ಹಲ್ಲಿನ ಕಿಟ್ಟ. ದಂತವೈದ್ಯರು ಕ್ಯಾಲ್ಕ್ಯುಲಸ್ ಅಥವಾ ಟಾರ್ಟರ್ ಅನ್ನುವುದು ಇದಕ್ಕೇ. ಹಲ್ಲಿಗೆ ಕಟ್ಟುವ ಮೆತ್ತನೆಯ ಪಾಚಿಯೊಳಗೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿ ಗಟ್ಟಿಯಾದರೆ ಕಿಟ್ಟ. ಪಾಚಿ ಗಟ್ಟಿಯಾಗುವಾಗ ಬಾಯಲ್ಲಿದ್ದ ಬ್ಯಾಕ್ಟೀರಿಯಾ, ಊಟದ ಪಿಷ್ಟದ ಕಣ, ಹಾಲಿನ ಪ್ರೋಟೀನು, ಉಸಿರಿನ ಜೊತೆ ಬಂದ ಧೂಳು, ಎಲ್ಲವೂ ಅದರೊಳಗೆ ಸಿಕ್ಕಿಕೊಳ್ಳುತ್ತವೆ. ಸಾವಿರಾರು ವರ್ಷ ಕಳೆದರೂ ಒಂದಷ್ಟು ಉಳಿಯುತ್ತದೆ.

ತೆಗೆಯುವ ಕೆಲಸದಲ್ಲಿ ಹೆಚ್ಚಿನವರು ಸೋಲುವುದು ಮೈಕ್ರೋಸ್ಕೋಪಿನ ಹತ್ತಿರ ಅಲ್ಲ, ಅದಕ್ಕೂ ಬಹಳ ಮುಂಚೆ. ಇಡೀ ಕೆಲಸದುದ್ದಕ್ಕೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಕಣ ಆ ಬಾಯಿಂದ ಬಂತಾ, ಮಣ್ಣಿನಿಂದ ಬಂತಾ, ಇಲ್ಲಾ ನಮ್ಮಿಂದ ಬಂತಾ? ಕೆಳಗಿನ ಹಂತಗಳ ಕ್ರಮ ಇರುವುದು ಈ ಪ್ರಶ್ನೆಗಾಗಿಯೇ. ಕ್ರಮ ತಪ್ಪಿದರೆ ಆಮೇಲೆ ಸರಿಪಡಿಸಲು ಆಗುವುದಿಲ್ಲ.

ಹಂತ 1: ಪ್ರಶ್ನೆ ಮತ್ತು ಅನುಮತಿ

ಮೊದಲು ಒಂದು ವಾಕ್ಯ ಬರೆಯಿರಿ: ನಿಮಗೆ ಏನು ಗೊತ್ತಾಗಬೇಕು? ಯಾವ ಧಾನ್ಯ ತಿಂದರು ಅನ್ನುವುದಾದರೆ ಪಿಷ್ಟ ಮತ್ತು ಫೈಟೋಲಿತ್ (ಗಿಡದೊಳಗೆ ಕಟ್ಟುವ ಸಿಲಿಕಾ ಕಣ) ನೋಡಬೇಕು. ವಸಡಿನ ಕಾಯಿಲೆ ಇತ್ತಾ ಅನ್ನುವುದಾದರೆ ಡಿಎನ್‌ಎ ಮತ್ತು ಪ್ರೋಟೀನ್ ಬೇಕು. ಸ್ಯಾಂಪಲ್ ತೆಗೆಯುವ ರೀತಿ, ಹಾಕುವ ಟ್ಯೂಬು, ಕೋಣೆ ಎಲ್ಲವೂ ಇದರ ಮೇಲೆ ನಿಂತಿವೆ. "ಮೊದಲು ತೆಗೆಯೋಣ, ಆಮೇಲೆ ನೋಡೋಣ" ಅಂದುಕೊಂಡು ತೆಗೆದ ಕಿಟ್ಟ ಯಾವುದಕ್ಕೂ ಸರಿಹೊಂದುವುದಿಲ್ಲ.

ಅನುಮತಿ ಬರವಣಿಗೆಯಲ್ಲಿ ಇರಲಿ. ಹಲ್ಲು ಯಾರ ಸುಪರ್ದಿಯಲ್ಲಿದೆಯೋ ಅವರಿಂದ ಪಡೆಯಬೇಕು: ಭಾರತೀಯ ಪುರಾತತ್ವ ಸರ್ವೇಕ್ಷಣ, ರಾಜ್ಯದ ಪುರಾತತ್ವ ಇಲಾಖೆ, ಮ್ಯೂಸಿಯಂ ಅಥವಾ ವಿಶ್ವವಿದ್ಯಾಲಯ. ಕಿಟ್ಟ ತೆಗೆಯುವುದು ನಾಶದ ಕೆಲಸ. ಒಮ್ಮೆ ಕೆರೆದರೆ ಮತ್ತೆ ಅಂಟಿಸಲು ಬರುವುದಿಲ್ಲ. ಎಷ್ಟು ಹಲ್ಲು, ಎಷ್ಟು ಮಿಲಿಗ್ರಾಂ, ಎಷ್ಟು ಉಳಿಸುತ್ತೀರಿ ಎಂದು ಅರ್ಜಿಯಲ್ಲೇ ಬರೆಯಿರಿ.

ಹಂತ 2: ಕುರಿ ದವಡೆಯ ಮೇಲೆ ಕೈ ಪಳಗಿಸಿ

ಪುರಾತನ ಹಲ್ಲಿನ ಮೇಲೆ ಯಾರೂ ಮೊದಲ ಪಾಠ ಕಲಿಯಬಾರದು. ಮಟನ್ ಅಂಗಡಿಯಿಂದ ಕುರಿ ಅಥವಾ ಮೇಕೆಯ ದವಡೆ ತನ್ನಿ. ಅದರ ದವಡೆಹಲ್ಲಿನ ಪಕ್ಕದಲ್ಲಿ ಕಪ್ಪಗೆ, ಕೆಲವೊಮ್ಮೆ ಹಿತ್ತಾಳೆ ಬಣ್ಣಕ್ಕೆ ಮಿಂಚುವ ಪದರ ಇರುತ್ತದೆ. ಅದೂ ಕಿಟ್ಟವೇ. ಹತ್ತು ಹದಿನೈದು ಹಲ್ಲು ಕೆರೆದರೆ ಎಷ್ಟು ಒತ್ತಿದರೆ ಕಿಟ್ಟ ಬಿಡುತ್ತದೆ, ಎಷ್ಟು ಒತ್ತಿದರೆ ಎನಾಮಲ್‌ಗೆ (ಹಲ್ಲಿನ ಗಟ್ಟಿ ಹೊರಪದರ) ಗೀರು ಬೀಳುತ್ತದೆ ಅನ್ನುವುದು ಬೆರಳಿಗೆ ಗೊತ್ತಾಗುತ್ತದೆ. ಅದು ಓದಿ ಬರುವ ವಿದ್ಯೆ ಅಲ್ಲ.

ದಂತವೈದ್ಯರ ಕ್ಲಿನಿಕ್ಕಿನಿಂದ ಜೀವಂತ ರೋಗಿಗಳ ಕಿಟ್ಟ ತಂದು ಅಭ್ಯಾಸ ಮಾಡುವವರಿದ್ದಾರೆ. ರೋಗಿಯ ಒಪ್ಪಿಗೆ, ನೈತಿಕ ಸಮಿತಿಯ ಅನುಮೋದನೆ ಇಲ್ಲದೆ ಹಾಗೆ ಮಾಡಬೇಡಿ. ಅದರಲ್ಲಿ ರಕ್ತವೂ ಇರುತ್ತದೆ, ಸೋಂಕಿನ ಅಪಾಯವೂ ಇರುತ್ತದೆ.

ಹಂತ 3: ಸಲಕರಣೆ ಮತ್ತು ಕೋಣೆ

ಬೇಕಾಗುವುದು ಇಷ್ಟು:

- ದಂತವೈದ್ಯರ ಸ್ಕೇಲರ್ (ಕಿಟ್ಟ ಕೆರೆಯುವ ಸಲಕರಣೆ) 4–5. ಒಬ್ಬ ವ್ಯಕ್ತಿಗೆ ಒಂದು, ತೊಳೆದು ಶುದ್ಧ ಮಾಡಿದ ಮೇಲೆಯೇ ಮತ್ತೊಬ್ಬರಿಗೆ
- 1.5 ಅಥವಾ 2 ಮಿ.ಲೀ. ಟ್ಯೂಬುಗಳು, ಪ್ಯಾಕ್ ಒಡೆಯದವು
- ಅಲ್ಯುಮಿನಿಯಂ ಫಾಯಿಲ್
- ಪುಡಿಯಿಲ್ಲದ ನೈಟ್ರೈಲ್ ಗ್ಲೌಸ್, ಮಾಸ್ಕ್, ಕೂದಲಿಗೆ ಟೋಪಿ
- ಮಿಲಿಗ್ರಾಂಗಿಂತ ಸಣ್ಣ ತೂಕ ತೋರಿಸುವ ತಕ್ಕಡಿ
- ಕ್ಯಾಮೆರಾ, ಸ್ಕೇಲ್ ಪಟ್ಟಿ, ಪೆನ್ಸಿಲ್
- ಅತಿಶುದ್ಧ ನೀರು, 0.5 ಮೋಲಾರ್ ಇಡಿಟಿಎ ದ್ರಾವಣ (ಕ್ಯಾಲ್ಸಿಯಂ ಹಿಡಿದುಕೊಂಡು ಕಿಟ್ಟ ಕರಗಿಸುವ ರಾಸಾಯನಿಕ), ಗ್ಲಿಸರಾಲ್
- ಸೆಂಟ್ರಿಫ್ಯೂಜ್ (ಜೋರಾಗಿ ತಿರುಗಿಸಿ ಕಣಗಳನ್ನು ತಳಕ್ಕೆ ಇಳಿಸುವ ಯಂತ್ರ), ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್) ಇರುವ ಮೈಕ್ರೋಸ್ಕೋಪ್

ಗ್ಲೌಸ್ ಬಗ್ಗೆ ಒಂದು ಮಾತು. ನನ್ನ ಮೊದಲ ವರ್ಷ ಒಂದು ಕಬ್ಬಿಣಯುಗದ ಹಲ್ಲಿನ ಕಿಟ್ಟದಲ್ಲಿ ಮೆಕ್ಕೆಜೋಳದ ಪಿಷ್ಟ ಸಿಕ್ಕಿತು. ಮೆಕ್ಕೆಜೋಳ ಅಮೆರಿಕ ಖಂಡದ ಬೆಳೆ, ಆ ಹಲ್ಲಿನ ಕಾಲದಲ್ಲಿ ನಮ್ಮ ಕಡೆ ಇರಲು ಸಾಧ್ಯವೇ ಇಲ್ಲ. ಮೂರು ವಾರ ಹುಡುಕಿದ ಮೇಲೆ ಅದು ಬಂದದ್ದು ಗ್ಲೌಸಿನಿಂದ ಎಂದು ಗೊತ್ತಾಯಿತು. ಆ ಹಲ್ಲಿನ ಅಷ್ಟೂ ಕಿಟ್ಟ ಮುಗಿದುಹೋಗಿತ್ತು, ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ಪುರಾತನ ಪಿಷ್ಟದ ಲ್ಯಾಬುಗಳಲ್ಲಿ ಬಳಸುವ ಸಾಮಾನುಗಳನ್ನೇ ಪರೀಕ್ಷೆ ಮಾಡಿದ ಅಲಿಸನ್ ಕ್ರೌದರ್ ತಂಡ 2014ರಲ್ಲಿ ಪುಡಿಯಿಲ್ಲದ ಗ್ಲೌಸುಗಳಲ್ಲೂ ಪಿಷ್ಟ ಇರುವುದನ್ನು ತೋರಿಸಿತ್ತು. ಆದ್ದರಿಂದ ಹೊಸ ಡಬ್ಬಿ ತೆರೆದ ದಿನವೇ ಒಂದು ಗ್ಲೌಸನ್ನು ಶುದ್ಧ ನೀರಿನಲ್ಲಿ ಅಲುಗಾಡಿಸಿ, ಆ ನೀರಿನ ಒಂದು ಹನಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ. ಹಾಕಿಕೊಂಡ ಮೇಲೂ ಗ್ಲೌಸನ್ನು ಶುದ್ಧ ನೀರಿನಲ್ಲಿ ತೊಳೆಯಿರಿ.

ಕೋಣೆಯ ವಿಷಯ. ನಮ್ಮ ಮನೆಗಳಲ್ಲಿ ಪಿಷ್ಟ ಎಲ್ಲೆಲ್ಲಿದೆ ಎಂದು ಸ್ವಲ್ಪ ಯೋಚಿಸಿ. ಅಕ್ಕಿಹಿಟ್ಟಿನ ರಂಗೋಲಿ, ರೊಟ್ಟಿ ತಟ್ಟಿದ ಕೈ, ಡಬ್ಬಿಯಲ್ಲಿರುವ ಚಿತ್ರಾನ್ನ, ಮೈದಾ ಅಂಟು ಹಚ್ಚಿದ ಕವರ್. ಎಲ್ಲಕ್ಕಿಂತ ಜಾಸ್ತಿ ಮರೆತುಹೋಗುವುದು ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಜುಬ್ಬಾ. ಗಂಜಿ ಅಂದರೆ ಅಪ್ಪಟ ಪಿಷ್ಟ. ಮಡಿಕೆ ಬಿಚ್ಚಿದಾಗಲೆಲ್ಲ ಗಾಳಿಗೆ ಉದುರುತ್ತದೆ. ಲ್ಯಾಬಿಗೆ ಬರುವ ದಿನ ಅಂಥ ಬಟ್ಟೆ ಬೇಡ. ಊಟ ಬೇರೆ ಕೋಣೆಯಲ್ಲಿ, ಊಟವಾದ ಮೇಲೆ ಮೊಣಕೈವರೆಗೆ ತೊಳೆದುಕೊಂಡು ಬನ್ನಿ.

ಟೇಬಲ್ಲನ್ನು ಬಿಸಿನೀರಿನಲ್ಲಿ ಒರೆಸಿ, 5 ಶೇಕಡಾ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಇನ್ನೊಮ್ಮೆ ಒರೆಸಿ. ಅದು ಚರ್ಮ ಸುಡುತ್ತದೆ, ಕಣ್ಣಿಗೆ ಕನ್ನಡಕ ಇರಲಿ. ಡಿಎನ್‌ಎ ಕೆಲಸಕ್ಕೆ ಬ್ಲೀಚ್ ಬಳಸುತ್ತಾರೆ. ಬ್ಲೀಚ್ ಇರುವ ಟೇಬಲ್ ಮೇಲೆ ಆಮ್ಲ ತರಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ.

ಫ್ಯಾನ್ ಆಫ್ ಮಾಡಿ. ಸಣ್ಣ ವಿಷಯ ಅನ್ನಿಸುತ್ತದೆ ಅಲ್ವಾ? ಕಿಟ್ಟದ ಚೂರು ಹಾರಿಹೋಗುವುದೂ ಧೂಳು ಬಂದು ಬೀಳುವುದೂ ಎರಡೂ ಫ್ಯಾನಿನಿಂದಲೇ.

ಹಂತ 4: ಅಗೆಯುವ ಜಾಗದಲ್ಲೇ ಮಾಡಬೇಕಾದ್ದು

ದವಡೆ ಕಂಡ ತಕ್ಷಣ ತೊಳೆಯಬೇಡಿ. ಒದ್ದೆ ಮಣ್ಣು ಅಂಟಿದ್ದರೂ ಹಾಗೇ ನೆರಳಿನಲ್ಲಿ ಆರಲಿ. ಬಿಸಿಲಿಗೆ ಇಟ್ಟರೆ ಹಲ್ಲು ಬಿರಿಯುತ್ತದೆ, ಕಿಟ್ಟ ಸಿಪ್ಪೆಯಂತೆ ಎದ್ದು ಉದುರುತ್ತದೆ. ಎಷ್ಟೋ ಸಲ ಚೀಲದ ತಳದ ಮಣ್ಣಿನಲ್ಲೇ ಕಿಟ್ಟದ ಚೂರು ಸಿಕ್ಕಿದೆ. ಆ ಮಣ್ಣನ್ನೂ ಎಸೆಯಬೇಡಿ.

ಮೂಳೆ ಗಟ್ಟಿಯಾಗಲಿ ಎಂದು ಹಚ್ಚುವ ಅಂಟು, ವಾರ್ನಿಶ್ ಯಾವುದೂ ಹಲ್ಲಿಗೆ ತಾಗಬಾರದು. ದವಡೆಗೆ ಹಚ್ಚಲೇಬೇಕಾಗಿ ಬಂದರೆ ಯಾವ ಅಂಟು, ಎಲ್ಲಿಗೆ, ಯಾವ ದಿನ ಎಂದು ಬರೆದಿಡಿ. ಹತ್ತಿಯಲ್ಲಿ ಸುತ್ತಬೇಡಿ. ಅದರ ನಾರು ಕಿಟ್ಟದ ಒರಟು ಮೇಲ್ಮೈಗೆ ಸಿಕ್ಕಿಕೊಂಡು, ಆಮೇಲೆ "ಪುರಾತನ ನೂಲಿನ ಎಳೆ" ಎಂದು ನಿಮ್ಮನ್ನೇ ದಾರಿ ತಪ್ಪಿಸುತ್ತದೆ. ಫಾಯಿಲ್ ಅಥವಾ ಹೊಸ ಜಿಪ್ ಚೀಲ ಸಾಕು.

ಈಗ ಎಲ್ಲರೂ ಬಿಟ್ಟುಬಿಡುವ ಕೆಲಸ, ಹೋಲಿಕೆಗೆ ಮಣ್ಣು. ದವಡೆಗೆ ಅಂಟಿದ ಮಣ್ಣು ಒಂದು ಟ್ಯೂಬು, ಕಾಲಿನ ಹತ್ತಿರದ ಮಣ್ಣು ಒಂದು ಟ್ಯೂಬು, ಗುಂಡಿಯ ಹೊರಗಿನ ಮಣ್ಣು ಒಂದು ಟ್ಯೂಬು. ಕಿಟ್ಟದಲ್ಲಿ ಸಿಕ್ಕ ಪಿಷ್ಟವೇ ಮಣ್ಣಿನಲ್ಲೂ ಅಷ್ಟೇ ಪ್ರಮಾಣದಲ್ಲಿ ಇದ್ದರೆ ನಿಮ್ಮ ಕಥೆ ಅಲ್ಲಿಗೆ ನಿಲ್ಲುತ್ತದೆ. ಮಣ್ಣಿನ ಸ್ಯಾಂಪಲ್ ಇಲ್ಲದಿದ್ದರೆ ನಿಲ್ಲಬೇಕಾಗಿತ್ತು ಅನ್ನುವುದೂ ನಿಮಗೆ ಗೊತ್ತಾಗುವುದಿಲ್ಲ.

ಹಂತ 5: ಇದು ಕಿಟ್ಟವೋ, ಮಣ್ಣಿನ ಸುಣ್ಣವೋ?

ನಮ್ಮ ಬಯಲುಸೀಮೆಯ ಮಣ್ಣಿನಲ್ಲಿ ಸುಣ್ಣದ ಗಂಟುಗಳು ಬಹಳ. ಹೂತ ಹಲ್ಲಿನ ಮೇಲೆ ಆ ಸುಣ್ಣ ಹೆಪ್ಪುಗಟ್ಟಿ ಕೂತರೆ ಮೊದಲ ನೋಟಕ್ಕೆ ಥೇಟ್ ಕಿಟ್ಟದಂತೆ ಕಾಣುತ್ತದೆ. ಹತ್ತು ದಿನ ಲ್ಯಾಬಿನಲ್ಲಿ ಬೆವರು ಸುರಿಸಿ, ಕೊನೆಗೆ ಕರಗಿಸಿದ್ದು ಬರೀ ಮಣ್ಣಿನ ಸುಣ್ಣ ಎಂದು ಗೊತ್ತಾದವರನ್ನು ನೋಡಿದ್ದೇನೆ.

ಗುರುತಿಸಲು ಜಾಗ ನೋಡಿ. ಕಿಟ್ಟ ವಸಡಿನ ಗೆರೆಗೆ ಸಮಾನಾಂತರವಾಗಿ ಪಟ್ಟಿಯಂತೆ ಕಟ್ಟುತ್ತದೆ. ಜೊಲ್ಲಿನ ನಾಳಗಳು ತೆರೆಯುವ ಕಡೆ ಜಾಸ್ತಿ: ಕೆಳಗಿನ ಮುಂದಿನ ಹಲ್ಲುಗಳ ಒಳಬದಿ, ಅಂದರೆ ನಾಲಿಗೆಯ ಕಡೆ, ಮತ್ತು ಮೇಲಿನ ದವಡೆಹಲ್ಲುಗಳ ಕೆನ್ನೆಯ ಕಡೆ. ನಿಮ್ಮ ನಾಲಿಗೆಯ ತುದಿಯನ್ನು ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ಆಡಿಸಿ ನೋಡಿ, ಒರಟು ತಗುಲಿದರೆ ಅದೇ.

ಮಣ್ಣಿನ ಸುಣ್ಣಕ್ಕೆ ಇಂಥ ಶಿಸ್ತು ಇಲ್ಲ. ಬೇರಿನ ತುದಿ, ಮೂಳೆ, ಒಡೆದ ಮುಖ, ಎಲ್ಲ ಕಡೆ ಕೂರುತ್ತದೆ. ಹೂತ ಮೇಲೆ ಒಡೆದ ಹಲ್ಲಿನ ಒಡಕಿನ ಮೇಲೂ ಪದರ ಹಾಯ್ದು ಹೋಗಿದ್ದರೆ ಅದು ಬಾಯಲ್ಲಿ ಕಟ್ಟಿದ್ದಲ್ಲ. ಇದೊಂದು ಸೂಚನೆ ನೆನಪಿಟ್ಟುಕೊಂಡರೆ ಅರ್ಧ ತಪ್ಪು ತಪ್ಪುತ್ತದೆ.

ಇನ್ನೂ ಅನುಮಾನ ಇದ್ದರೆ ಬೇರಿನ ತುದಿಯಲ್ಲಿರುವ ಪದರದ ಒಂದು ಚೂರನ್ನು ಬೇರೆ ಗಾಜಿನ ಮೇಲೆ ಇಟ್ಟು ಒಂದು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ. ಜೋರಾಗಿ ನೊರೆ ಬಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಮಣ್ಣಿನ ಸುಣ್ಣ. ಕಿಟ್ಟ ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟ್, ಅಷ್ಟು ನೊರೆ ಬರುವುದಿಲ್ಲ. ಹಲ್ಲಿನ ಮೇಲೆಯೇ ಆಮ್ಲ ಹಾಕಬೇಡಿ.

ಹಂತ 6: ಮುಟ್ಟುವ ಮೊದಲು ದಾಖಲೆ

ಪ್ರತಿ ಹಲ್ಲಿಗೂ ನಾಲ್ಕು ಕಡೆಯಿಂದ ಸ್ಕೇಲ್ ಪಟ್ಟಿ ಇಟ್ಟು ಫೋಟೋ. ಹಲ್ಲಿನ ಸಂಖ್ಯೆಗೆ ದಂತವೈದ್ಯರ ಎರಡಂಕಿಯ ಪದ್ಧತಿ ಬಳಸಿ (ಮೊದಲ ಅಂಕಿ ಬಾಯಿಯ ಯಾವ ಕಾಲುಭಾಗ, ಎರಡನೆಯದು ಅಲ್ಲಿ ಎಷ್ಟನೇ ಹಲ್ಲು). ಕಿಟ್ಟದ ಪ್ರಮಾಣವನ್ನು ಡಾನ್ ಬ್ರಾತ್‌ವೆಲ್ ಕೊಟ್ಟ ಮೂರು ದರ್ಜೆಯಲ್ಲಿ ಬರೆಯಬಹುದು: ಅಲ್ಪ, ಮಧ್ಯಮ, ಹೆಚ್ಚು. ವಸಡಿನ ಮೇಲಿನದೋ ಕೆಳಗಿನದೋ ಅನ್ನುವುದನ್ನೂ ಬರೆಯಿರಿ. ಕೆಳಗಿನದು ಬೇರಿನ ಮೇಲೆ ಕೂತಿರುತ್ತದೆ, ಸಾಮಾನ್ಯವಾಗಿ ಗಾಢ ಬಣ್ಣ, ಇನ್ನೂ ಗಟ್ಟಿ.

ಆರೋಗ್ಯದ ಪ್ರಶ್ನೆ ಇದ್ದರೆ ಎನಾಮಲ್ ಮುಗಿಯುವ ಗೆರೆಯಿಂದ ದವಡೆಮೂಳೆಯ ಅಂಚಿನವರೆಗಿನ ಅಂತರವನ್ನು ಈಗಲೇ ಅಳೆಯಿರಿ. ಆರೋಗ್ಯವಾದ ಬಾಯಲ್ಲಿ ಇದು ಸುಮಾರು 2 ಮಿ.ಮೀ. ಒಳಗಿರುತ್ತದೆ. ಈ ಅಳತೆ ಇಲ್ಲದೆ ಮುಂದೆ ಡಿಎನ್‌ಎ ಏನು ಹೇಳಿದರೂ ಅರ್ಧ ಮಾತೇ.

ಹಂತ 7: ಮೇಲಿನ ಕೊಳೆ ತೆಗೆಯುವುದು

ಇಲ್ಲಿ ಆತುರ ಬೇಡ. ಮೊದಲು ಒಣ ಬ್ರಷ್, ಮೆತ್ತನೆಯದು, ಹೊಸದು. ಮಣ್ಣು ಉದುರಿಸಿ, ಉದುರಿದ್ದನ್ನು ಒಂದು ಟ್ಯೂಬಿಗೆ ಹಾಕಿ. ಆಮೇಲೆ ಅತಿಶುದ್ಧ ನೀರು ತಾಗಿಸಿದ ಸೂಜಿಯ ತುದಿಯಿಂದ ಕಿಟ್ಟದ ಮೇಲಿನ ಮಣ್ಣನ್ನು ಸ್ವಲ್ಪ ಸ್ವಲ್ಪ ಕೆದಕಿ. ಈ ತೊಳೆದ ನೀರೂ ಒಂದು ಟ್ಯೂಬಿಗೆ. ಅದನ್ನೂ ಸ್ಯಾಂಪಲ್ಲಿನಂತೆಯೇ ಕೊನೆಯವರೆಗೆ ಕೊಂಡೊಯ್ಯುತ್ತೀರಿ. ತೊಳೆದ ನೀರಿನಲ್ಲಿ ಪಿಷ್ಟ ತುಂಬಾ ಇದ್ದು ಒಳಗಿನ ಕಿಟ್ಟದಲ್ಲಿ ಇಲ್ಲದಿದ್ದರೆ ಅದು ಹೊರಗಿನಿಂದ ಬಂದದ್ದು.

ಎಲ್ಲಿಯವರೆಗೆ ತೊಳೆಯಬೇಕು? ತೊಳೆದ ನೀರಿನ ಹನಿ ಮೈಕ್ರೋಸ್ಕೋಪಿನಲ್ಲಿ ಖಾಲಿ ಕಾಣುವವರೆಗೆ.

ಹಂತ 8: ಕೆರೆಯುವುದು

ಫಾಯಿಲ್ಲಿನ ಚೌಕ ಕತ್ತರಿಸಿ ನಡುವೆ ಗುಳಿ ಬರುವಂತೆ ದೊನ್ನೆಯ ಆಕಾರಕ್ಕೆ ಮಡಚಿ. ಹಲ್ಲನ್ನು ಅದರ ಮೇಲೆ, ಬಹಳ ಹತ್ತಿರ ಹಿಡಿಯಿರಿ. ಸ್ಕೇಲರಿನ ಅಂಚನ್ನು ಕಿಟ್ಟ ಮತ್ತು ಎನಾಮಲ್ ಸೇರುವ ಗೆರೆಗೆ ತಾಗಿಸಿ, ವಸಡಿನ ಕಡೆಯಿಂದ ಹಲ್ಲಿನ ತುದಿಯ ಕಡೆಗೆ ಒತ್ತಡ ಕೊಡಿ. ಉಜ್ಜಬೇಡಿ. ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಟಕ್ ಎಂದು ಹೆಂಚಿನ ಚೂರಿನಂತೆ ಒಂದು ತುಂಡು ಬಿಡುತ್ತದೆ. ಅದರ ಒಳಮುಖ ಎನಾಮಲ್ಲಿನ ಅಚ್ಚು ಹೊತ್ತು ನುಣ್ಣಗಿರುತ್ತದೆ. ಹೊರಮುಖ ಒರಟು. ಈ ನುಣುಪು ಕಂಡರೆ ನೀವು ಸರಿಯಾದ್ದನ್ನೇ ತೆಗೆದಿದ್ದೀರಿ.

ಚೂರು ಹಾರುವುದು ದೊಡ್ಡ ತಲೆನೋವು. ಚಳಿಗಾಲದ ಒಣ ಹವೆಯಲ್ಲಿ ಪ್ಲಾಸ್ಟಿಕ್ ತಟ್ಟೆಯಲ್ಲಿ ಸ್ಥಿರವಿದ್ಯುತ್ ಹುಟ್ಟಿ ಚೂರುಗಳು ಚಿಮ್ಮಿ ಹೋಗುತ್ತವೆ. ಅದಕ್ಕೇ ಪ್ಲಾಸ್ಟಿಕ್ ಬದಲು ಫಾಯಿಲ್. ಮಾಸ್ಕ್ ಹಾಕಿಕೊಂಡೇ ಇರಿ, ನಿಮ್ಮ ಒಂದು ಸೀನು ಸಾಕು ಎಲ್ಲ ಕೆಡಿಸಲು.

ನಿಲ್ಲಿಸಬೇಕಾದ ಸೂಚನೆಗಳು: ಫಾಯಿಲ್ ಮೇಲೆ ಬಿಳಿ ಹೊಳೆಯುವ ಪುಡಿ ಬರುತ್ತಿದ್ದರೆ ಎನಾಮಲ್ ಕೆರೆಯುತ್ತಿದ್ದೀರಿ. ಹಳದಿ ಮೆತ್ತನೆಯ ಪುಡಿಯಾದರೆ ಬೇರಿಗೆ ಹೋಗಿದ್ದೀರಿ. ಹಲ್ಲು ದವಡೆಯಲ್ಲಿ ಅಲುಗಾಡತೊಡಗಿದರೆ ಬಿಟ್ಟುಬಿಡಿ, ಬೇರೆ ಹಲ್ಲು ನೋಡಿ.

ಎಷ್ಟು ತೆಗೆಯಬೇಕು? 5ರಿಂದ 10 ಮಿ.ಗ್ರಾಂ ಇದ್ದರೆ ಒಂದು ಬಗೆಯ ಪರೀಕ್ಷೆ ಚೆನ್ನಾಗಿ ನಡೆಯುತ್ತದೆ. ಎರಡರಿಂದ ನಾಲ್ಕು ರಾಗಿ ಕಾಳಿನ ತೂಕ ಅಂದುಕೊಳ್ಳಿ. ಅದಕ್ಕಿಂತ ಕಡಿಮೆಯಲ್ಲೂ ಕೆಲಸ ಮಾಡಿದವರಿದ್ದಾರೆ. ಹಲ್ಲಿನ ಮೇಲೆ ಕಿಟ್ಟದ ಒಂದು ಭಾಗವನ್ನಾದರೂ ಉಳಿಸಿ. ಹತ್ತು ವರ್ಷದ ನಂತರ ಇನ್ನೂ ಒಳ್ಳೆಯ ವಿಧಾನ ಬರುತ್ತದೆ, ಆಗ ನೋಡುವವರಿಗೆ ಏನಾದರೂ ಇರಲಿ.

ಬೇರೆ ಬೇರೆ ವ್ಯಕ್ತಿಗಳ ಕಿಟ್ಟ ಸೇರಿಸಬೇಡಿ. ಒಬ್ಬರದೇ ಆದರೂ ಹಲ್ಲು ಹಲ್ಲಿಗೆ ಬೇರೆ ಟ್ಯೂಬು. "ಕಡಿಮೆ ಇದೆ, ಒಟ್ಟಿಗೆ ಹಾಕೋಣ" ಅನ್ನುವ ಆಸೆ ಬರುತ್ತದೆ. ಒಟ್ಟಿಗೆ ಹಾಕಿದ ಮೇಲೆ ಒಂದರಲ್ಲಿದ್ದ ಕಲಬೆರಕೆ ಎಲ್ಲದಕ್ಕೂ ಅಂಟುತ್ತದೆ.

ಕೆರೆಯುವ ಹೊತ್ತಿಗೆ ಪಕ್ಕದಲ್ಲಿ ಒಂದು ಖಾಲಿ ಟ್ಯೂಬು ಬಾಯಿ ತೆರೆದು ಇಟ್ಟಿರಿ. ಮುಗಿದ ಮೇಲೆ ಮುಚ್ಚಿ. ಇದೇ ನಿಮ್ಮ ಖಾಲಿ ಸಾಕ್ಷಿ. ಮುಂದಿನ ಎಲ್ಲ ಹಂತಗಳಲ್ಲೂ ಕಿಟ್ಟದ ಟ್ಯೂಬಿಗೆ ಮಾಡಿದ್ದನ್ನೆಲ್ಲ ಇದಕ್ಕೂ ಮಾಡಬೇಕು. ಅದರಲ್ಲಿ ಕಂಡ ಪಿಷ್ಟ ನಿಮ್ಮ ಕೋಣೆಯದ್ದು.

ಹಂತ 9: ಕರಗಿಸುವುದು

ಚೂರನ್ನು ತೂಗಿ, ಟ್ಯೂಬಿಗೆ ಹಾಕಿ, 1 ಮಿ.ಲೀ. ಇಡಿಟಿಎ (ಪಿಎಚ್ 8) ಸೇರಿಸಿ. ನಿಧಾನಕ್ಕೆ ತಿರುಗಿಸುವ ಯಂತ್ರದಲ್ಲಿ ಕೋಣೆಯ ತಾಪದಲ್ಲಿ ಬಿಡಿ. ಒಂದರಿಂದ ಮೂರು ದಿನ ಬೇಕಾಗಬಹುದು. ಕರಗದಿದ್ದರೆ ಹಳೆಯ ದ್ರಾವಣ ತೆಗೆದು ಹೊಸದು ಹಾಕಿ. ತೆಗೆದದ್ದನ್ನು ಚೆಲ್ಲಬೇಡಿ.

10 ಶೇಕಡಾ ಹೈಡ್ರೋಕ್ಲೋರಿಕ್ ಆಮ್ಲದಲ್ಲೂ ಕರಗಿಸುತ್ತಾರೆ, ಬೇಗ ಆಗುತ್ತದೆ. ನನ್ನ ಆಯ್ಕೆ ಇಡಿಟಿಎ. ಮೋನಿಕಾ ಟ್ರಾಂಪ್ ಮತ್ತು ಜೊತೆಗಾರರು 2017ರಲ್ಲಿ ಎರಡನ್ನೂ ಹೋಲಿಸಿ ಇಡಿಟಿಎಯಲ್ಲಿ ಕಣಗಳು ಜಾಸ್ತಿ ಸಿಗುತ್ತವೆ ಎಂದು ತೋರಿಸಿದ್ದಾರೆ.

ಇಲ್ಲಿನ ದೊಡ್ಡ ತಪ್ಪು ಅವಸರಕ್ಕೆ ಬಿಸಿ ಮಾಡುವುದು. ಪಿಷ್ಟದ ಕಣ ನೀರಿನಲ್ಲಿ ಸುಮಾರು 60 ಡಿಗ್ರಿ ದಾಟಿದರೆ ಉಬ್ಬಿ ಗಂಜಿಯಾಗುತ್ತದೆ. ಅಕ್ಕಿಹಿಟ್ಟಿನ ನೀರು ಒಲೆಯ ಮೇಲೆ ಹೇಗೆ ಗಟ್ಟಿಯಾಗುತ್ತದೆ, ಹಾಗೆ. ಆಮೇಲೆ "ಇದು ಅಂದಿನವರು ಬೇಯಿಸಿ ತಿಂದದ್ದು" ಎಂದು ನೀವೇ ಬರೆಯುತ್ತೀರಿ, ಬೇಯಿಸಿದ್ದು ಮಾತ್ರ ನಿಮ್ಮ ಲ್ಯಾಬಿನಲ್ಲಿ.

ಕರಗಿದ ಮೇಲೆ ನಿಮಿಷಕ್ಕೆ 3000 ಸುತ್ತಿನ ಆಸುಪಾಸು ಹತ್ತು ನಿಮಿಷ ಸೆಂಟ್ರಿಫ್ಯೂಜ್, ಮೇಲಿನ ದ್ರವ ಪಿಪೆಟ್ಟಿನಿಂದ ತೆಗೆದು ಶುದ್ಧ ನೀರು, ಹೀಗೆ ಮೂರು ಸಲ.

ಹಂತ 10: ಮೈಕ್ರೋಸ್ಕೋಪಿನ ಕೆಳಗೆ

ತಳದಲ್ಲಿ ಉಳಿದದ್ದಕ್ಕೆ ಗ್ಲಿಸರಾಲ್ ಮತ್ತು ನೀರು ಸಮ ಸೇರಿಸಿ ಒಂದು ಹನಿ ಗಾಜಿನ ಮೇಲೆ. 200 ಪಟ್ಟಿನಲ್ಲಿ ಹುಡುಕಿ, 400 ಪಟ್ಟಿನಲ್ಲಿ ನೋಡಿ. ಇಡೀ ಗಾಜನ್ನು ಸಾಲು ಸಾಲಾಗಿ ನೋಡಬೇಕು. ಚೆಂದ ಕಂಡ ಕಡೆ ಮಾತ್ರ ನೋಡಿದರೆ ಎಣಿಕೆಗೆ ಅರ್ಥವಿಲ್ಲ.

ಪೋಲರೈಸರ್ ಅಡ್ಡ ಹಾಕಿದಾಗ ಹಿನ್ನೆಲೆ ಕಪ್ಪಾಗುತ್ತದೆ. ಬೇಯದ ಪಿಷ್ಟದ ಕಣ ಆ ಕತ್ತಲಲ್ಲಿ ಬೆಳ್ಳಗೆ ಬೆಳಗುತ್ತದೆ, ನಡುವೆ ಒಂದು ಕಪ್ಪು ಶಿಲುಬೆ.  ಮೊದಲ ಸಲ ನೋಡಿದಾಗ ಮೈ ಜುಮ್ ಅನ್ನುತ್ತದೆ. ಆದರೆ ಶಿಲುಬೆ ಕಂಡದ್ದೆಲ್ಲ ಪಿಷ್ಟ ಅಲ್ಲ. ಕೆಲವು ಶಿಲೀಂಧ್ರದ ಬೀಜಕಣಗಳು, ಕೆಲವು ಹರಳುಗಳೂ ಹಾಗೇ ಮೋಸ ಮಾಡುತ್ತವೆ. ಪೋಲರೈಸರ್ ತೆಗೆದು ಸಾದಾ ಬೆಳಕಿನಲ್ಲಿ ಆಕಾರ ನೋಡಿ, ಮುಚ್ಚುಗಾಜನ್ನು ಸೂಜಿಯಿಂದ ಮೆಲ್ಲಗೆ ತಳ್ಳಿ ಕಣ ಉರುಳಿಸಿ ಎಲ್ಲ ಮಗ್ಗುಲೂ ನೋಡಿ. ಪ್ರತಿ ಕಣಕ್ಕೂ ಎರಡೂ ಬೆಳಕಿನಲ್ಲಿ ಫೋಟೋ, ಅಳತೆ, ಗಾಜಿನ ಮೇಲಿನ ಸ್ಥಾನ.

ಹಂತ 11: ಯಾವ ಗಿಡದ್ದು?

ಇದು ಇಡೀ ಕೆಲಸದ ಕಷ್ಟದ ಭಾಗ. ಹೊರದೇಶದ ಚಿತ್ರಪಟ ಮುಂದಿಟ್ಟುಕೊಂಡು ನಮ್ಮ ಕಡೆಯ ಕಣ ಗುರುತಿಸಲು ಹೊರಟರೆ ಎಲ್ಲವೂ ಗೋಧಿ, ಬಾರ್ಲಿ ಆಗಿಬಿಡುತ್ತವೆ. ಆ ಪುಸ್ತಕದಲ್ಲಿ ಇದ್ದದ್ದೇ ಅವು. ನಿಮ್ಮ ಸ್ಥಳದ ಗಿಡಗಳ ಸಂಗ್ರಹ ನೀವೇ ಕಟ್ಟಬೇಕು.

ಉದಾಹರಣೆಗೆ ಬಳ್ಳಾರಿ ಬಳಿಯ ಸಂಗನಕಲ್ಲು, ತುಂಗಭದ್ರೆಯ ದಂಡೆಯ ಹಳ್ಳೂರು ಮುಂತಾದ ಕಡೆ ನವಶಿಲಾಯುಗದ ಪದರಗಳಲ್ಲಿ ಡೋರಿಯನ್ ಫುಲ್ಲರ್ ಮತ್ತು ಜೊತೆಗಾರರು ಗುರುತಿಸಿದ ಸುಟ್ಟ ಕಾಳುಗಳಲ್ಲಿ ಹುರುಳಿ, ಹೆಸರು, ಕೊರಲೆ ಮುಖ್ಯವಾದವು. ಅಂಥ ಕಡೆಯ ಹಲ್ಲು ನೋಡುವವರ ಸಂಗ್ರಹದಲ್ಲಿ ಈ ಮೂರು ಇರಲೇಬೇಕು. ಜೊತೆಗೆ ನವಣೆ, ಸಾಮೆ, ರಾಗಿ, ಜೋಳ, ಅಕ್ಕಿ, ಅರಿಶಿನ, ಶುಂಠಿ, ಕಾಡಿನ ಗೆಡ್ಡೆಗೆಣಸು. ಜೊತೆಗೆ ಕಲಬೆರಕೆ ಹಿಡಿಯಲು ಮೆಕ್ಕೆಜೋಳ, ಆಲೂಗಡ್ಡೆ, ಮೈದಾ, ಮರಗೆಣಸು.

ಪ್ರತಿ ಗಿಡದ್ದೂ ನಾಲ್ಕು ಗಾಜು ಮಾಡಿ: ಹಸಿ, ಬೀಸಿದ್ದು, ಹುರಿದದ್ದು, ಬೇಯಿಸಿದ್ದು. ಬೀಸಿದ ಕಣದಲ್ಲಿ ಬಿರುಕು, ಹುರಿದದ್ದರಲ್ಲಿ ನಡುವೆ ಗುಳಿ, ಬೇಯಿಸಿದ್ದರಲ್ಲಿ ಶಿಲುಬೆ ಮಸುಕು. ಇರಾಕಿನ ಶಾನಿದಾರ್ ಗುಹೆಯ ನಿಯಾಂಡರ್ತಾಲ್ (ಈಗ ಅಳಿದುಹೋಗಿರುವ ಮಾನವ ಬಗೆ) ಹಲ್ಲಿನ ಕಿಟ್ಟದಲ್ಲಿ ಬೆಂದ ಪಿಷ್ಟ ಇದೆ ಎಂದು ಅಮಾಂಡಾ ಹೆನ್ರಿ ತಂಡ 2011ರಲ್ಲಿ ಹೇಳಿದ್ದು ಇಂಥ ಹೋಲಿಕೆಯಿಂದಲೇ.

ಆಕಾರದ ಸುಳಿವುಗಳು: ಅಕ್ಕಿಯ ಕಣ ಬಹಳ ಸಣ್ಣದು, ಮೂಲೆಮೂಲೆಯಾದದ್ದು, ಗುಂಪಾಗಿ ಇರುತ್ತದೆ. ಗೋಧಿಯಲ್ಲಿ ದೊಡ್ಡ ತಟ್ಟೆಯಂಥ ಕಣ, ಸಣ್ಣ ಗುಂಡು ಕಣ ಎರಡೂ ಒಟ್ಟಿಗೆ. ಬೇಳೆಕಾಳಿನದು ಮೂತ್ರಪಿಂಡದ ಆಕಾರ, ನಡುವೆ ಉದ್ದ ಸೀಳು. ಅರಿಶಿನ, ಶುಂಠಿ ಜಾತಿಯದು ಚಪ್ಪಟೆ, ಶಿಲುಬೆಯ ನಡು ಒಂದು ತುದಿಗೆ ಸರಿದಿರುತ್ತದೆ. ಹರಿಯಾಣದ ಫರ್ಮಾನಾ ಎಂಬ ಹರಪ್ಪಾ ಕಾಲದ ಊರಿನಲ್ಲಿ ಅಡುಗೆ ಮಡಕೆ ಮತ್ತು ಮನುಷ್ಯರ ಹಲ್ಲಿನಿಂದ ಅರಿಶಿನ, ಶುಂಠಿಯ ಪಿಷ್ಟ ಗುರುತಿಸಿದ್ದಾಗಿ ಅರುಣಿಮಾ ಕಶ್ಯಪ್ ಮತ್ತು ಸ್ಟೀವ್ ವೆಬರ್ 2010ರಲ್ಲಿ ವರದಿ ಮಾಡಿದರು. ಮಡಕೆಯಲ್ಲೂ ಹಲ್ಲಿನಲ್ಲೂ ಅದೇ ಗಿಡ ಸಿಕ್ಕಿದ್ದರಿಂದ ಆ ಮಾತಿಗೆ ಬಲ ಬಂತು. ನೀವೂ ಹಲ್ಲಿನ ಜೊತೆ ಅದೇ ಪದರದ ಮಡಕೆ, ಬೀಸುವ ಕಲ್ಲು ನೋಡಿ.

ಸಿರಿಧಾನ್ಯಗಳ ಕಣಗಳು ಒಂದಕ್ಕೊಂದು ಬಹಳ ಹೋಲುತ್ತವೆ. ಒಂದೇ ಒಂದು ಕಣ ನೋಡಿ "ಇದು ಕೊರಲೆ, ನವಣೆ ಅಲ್ಲ" ಎಂದು ಹೇಳಲು ಹೋಗಬೇಡಿ. "ಸಿರಿಧಾನ್ಯದ ಬಗೆ" ಎಂದು ಬರೆಯಿರಿ. ಅದು ಸೋಲಲ್ಲ, ಸರಿಯಾದ ಉತ್ತರ.

ಹಂತ 12: ಡಿಎನ್‌ಎ, ಪ್ರೋಟೀನ್ ಬೇಕಾದರೆ

ಇದನ್ನು ಮಾಮೂಲಿ ಲ್ಯಾಬಿನಲ್ಲಿ ಮಾಡಲು ಹೋಗಬೇಡಿ. ಪ್ರಾಚೀನ ಡಿಎನ್‌ಎಗೆ ಮೀಸಲಾದ ಕೋಣೆ ಇರುವವರ ಜೊತೆ ಸೇರಿ. ನಿಮ್ಮ ಪಾಲಿನ ಕೆಲಸ ಶುದ್ಧವಾಗಿ ಕೆರೆದು, ಬೇರೆ ಟ್ಯೂಬಿನಲ್ಲಿ ಒಣಗಿದ ಸ್ಥಿತಿಯಲ್ಲಿ, ಖಾಲಿ ಸಾಕ್ಷಿಯ ಜೊತೆ ಕಳಿಸುವುದು. ಪಿಷ್ಟಕ್ಕೆ ಕರಗಿಸುವ ಮೊದಲೇ ಪಾಲು ಮಾಡಬೇಕು.

ಫಲಿತಾಂಶ ಬಂದಾಗ ಎರಡು ಪ್ರಶ್ನೆ ಕೇಳಿ. ಡಿಎನ್‌ಎ ತುಂಡುಗಳ ತುದಿಯಲ್ಲಿ ಹಳತಾದ ಗುರುತಿನ ಹಾನಿ ಇದೆಯಾ? ಬ್ಯಾಕ್ಟೀರಿಯಾಗಳ ಪಟ್ಟಿ ಬಾಯಿಯದ್ದೋ, ಮಣ್ಣಿನದ್ದೋ, ಚರ್ಮದ್ದೋ? ಹೆಚ್ಚಿನದು ಮಣ್ಣಿನದ್ದಾದರೆ ಆ ಸ್ಯಾಂಪಲ್ ಬಿಟ್ಟುಬಿಡಿ.

ಹಾಲಿನ ಉದಾಹರಣೆ ಚೆನ್ನಾಗಿದೆ. 2014ರಲ್ಲಿ ಕ್ರಿಸ್ಟಿನಾ ವಾರಿನ್ನರ್ ತಂಡ ಪುರಾತನ ಕಿಟ್ಟದಲ್ಲಿ ಬೀಟಾ ಲ್ಯಾಕ್ಟೊಗ್ಲೋಬುಲಿನ್ ಎಂಬ ಹಾಲಿನ ಪ್ರೋಟೀನ್ ಕಂಡಿತು. ಇದು ದನ, ಕುರಿ, ಮೇಕೆಯ ಹಾಲಿನಲ್ಲಿ ಇರುತ್ತದೆ, ತಾಯಿಯ ಎದೆಹಾಲಿನಲ್ಲಿ ಇರುವುದಿಲ್ಲ. ಯಾವ ಪ್ರಾಣಿಯ ಹಾಲು ಅನ್ನುವುದನ್ನೂ ಎಷ್ಟೋ ಸಲ ಹೇಳಬಹುದು. ಇನ್ನೊಂದು ನಮಗೆ ಹತ್ತಿರದ್ದು: ಇಸ್ರೇಲಿನ ಮೆಗಿದ್ದೋ ಊರಿನ ಕ್ರಿ.ಪೂ. ಎರಡನೇ ಸಹಸ್ರಮಾನದ ಒಬ್ಬ ವ್ಯಕ್ತಿಯ ಕಿಟ್ಟದಲ್ಲಿ ಅರಿಶಿನದ ಪ್ರೋಟೀನ್ ಸಿಕ್ಕಿದ್ದು 2021ರಲ್ಲಿ ಪ್ರಕಟವಾಯಿತು. ಬೇಯಿಸಿ ಪಿಷ್ಟದ ಆಕಾರ ಹೋದರೂ ಪ್ರೋಟೀನಿನ ಗುರುತು ಉಳಿಯಬಹುದು ಅನ್ನುವುದು ಇಲ್ಲಿನ ಪಾಠ. ಆದರೆ ಬೆಳಗ್ಗೆ ನೀವು ಕುಡಿದ ಕಾಫಿಯಲ್ಲೂ ಹಾಲಿದೆ, ನಿನ್ನೆಯ ಸಾರಿನಲ್ಲೂ ಅರಿಶಿನ ಇದೆ. ಖಾಲಿ ಸಾಕ್ಷಿ ಇಲ್ಲದೆ ಇಂಥ ಮಾತು ಆಡಬೇಡಿ.

ಹಂತ 13: ಏನು ಹೇಳಬಹುದು, ಏನು ಹೇಳಬಾರದು

*ಸಿಗಲಿಲ್ಲ ಅಂದರೆ ತಿನ್ನಲಿಲ್ಲ ಅಲ್ಲ.* ಜೊಲ್ಲಿನ ಅಮೈಲೇಸ್ ಎಂಬ ಕಿಣ್ವ ಬಾಯಲ್ಲೇ ಪಿಷ್ಟ ಒಡೆಯುತ್ತದೆ. ಉಳಿಯುವುದು ಅಲ್ಪ. ನಮೀಬಿಯಾದ ತ್ವೆ ಜನರ ಊಟ ಕಣ್ಣಾರೆ ನೋಡಿ, ಅವರ ಕಿಟ್ಟವನ್ನೂ ಪರೀಕ್ಷಿಸಿದ 2015ರ ಅಧ್ಯಯನದಲ್ಲಿ ಒಬ್ಬೊಬ್ಬರ ಕಿಟ್ಟ ಅವರ ಊಟದ ಪೂರ್ತಿ ಚಿತ್ರ ಕೊಡಲಿಲ್ಲ, ಹಲವರದ್ದು ಸೇರಿದಾಗ ಚಿತ್ರ ಸುಧಾರಿಸಿತು. ಹಾಗಾಗಿ ಒಂದು ಹಲ್ಲಿನ ಮೇಲೆ ಊರಿನ ಅಡುಗೆ ಬರೆಯಬೇಡಿ.

*ಎಣಿಕೆ ಅಂದರೆ ಪ್ರಮಾಣ ಅಲ್ಲ.* ಹತ್ತು ಕಣ ಹುರುಳಿ, ಎರಡು ಕಣ ಅಕ್ಕಿ ಸಿಕ್ಕಿದರೆ ಹುರುಳಿ ಐದು ಪಟ್ಟು ತಿಂದರು ಎಂದಲ್ಲ.

*ಬಾಯಿಗೆ ಹೋದದ್ದೆಲ್ಲ ಊಟ ಅಲ್ಲ.* ಜರ್ಮನಿಯ ಡಾಲ್‌ಹೈಮ್‌ನಲ್ಲಿ ಸಮಾಧಿಯಾದ ಮಧ್ಯಯುಗದ ಮಹಿಳೆಯೊಬ್ಬರ ಕಿಟ್ಟದಲ್ಲಿ ನೀಲಿ ಚುಕ್ಕೆಗಳು ಕಂಡವು. ಅನಿತಾ ರಾದಿನಿ ಮತ್ತು ಜೊತೆಗಾರರು 2019ರಲ್ಲಿ ಅವು ಲಾಪಿಸ್ ಲಾಜುಲಿ ಎಂಬ ಬೆಲೆಬಾಳುವ ನೀಲಿ ಕಲ್ಲಿನ ಪುಡಿ ಎಂದು ತೋರಿಸಿದರು. ಆ ಮಹಿಳೆ ಹಸ್ತಪ್ರತಿಗೆ ಬಣ್ಣ ತುಂಬುತ್ತಿದ್ದಿರಬೇಕು, ಕುಂಚದ ತುದಿ ಚೂಪಾಗಲು ತುಟಿಗೆ ತಾಗಿಸುತ್ತಿದ್ದಿರಬೇಕು ಅನ್ನುವುದು ಸಂಶೋಧಕರು ಕೊಟ್ಟ ಬಲವಾದ ವಿವರಣೆ. ಬೀಸುವ ಕಲ್ಲಿನ ಧೂಳು, ಒಲೆಯ ಮಸಿ, ಹಲ್ಲುಕಡ್ಡಿ, ಹಗ್ಗ ಹೊಸೆಯುವಾಗ ಕಚ್ಚಿದ ನಾರು ಎಲ್ಲವೂ ಕಿಟ್ಟಕ್ಕೆ ಸೇರುತ್ತವೆ.

*ರೋಗಾಣು ಸಿಕ್ಕಿದ್ದಕ್ಕೇ ರೋಗ ಎಂದಲ್ಲ.* ವಸಡು ರೋಗದ ಜೊತೆ ಗುರುತಿಸುವ ಪೋರ್ಫಿರೊಮೋನಾಸ್ ಜಿಂಜಿವಾಲಿಸ್, ಟ್ಯಾನರೆಲ್ಲಾ ಫಾರ್ಸಿಥಿಯಾ, ಟ್ರೆಪೊನೀಮಾ ಡೆಂಟಿಕೋಲಾ ಸಿಕ್ಕರೂ ಹಂತ 6ರಲ್ಲಿ ಅಳೆದ ಮೂಳೆಯ ಸವೆತ ಜೊತೆಗಿರಬೇಕು. ಕಿಟ್ಟ ದಪ್ಪ ಇದೆ ಎಂದ ಮಾತ್ರಕ್ಕೆ ಊಟ ಕೆಟ್ಟದಿತ್ತು ಎಂದೂ ಹೇಳಲು ಆಗುವುದಿಲ್ಲ. ಜೊಲ್ಲಿನ ಗುಣ, ವಯಸ್ಸು, ಹಲ್ಲು ಉಜ್ಜುವ ರೂಢಿ ಎಲ್ಲವೂ ಅದರಲ್ಲಿ ಸೇರಿವೆ.

ಹಂತ 14: ಉಳಿದದ್ದನ್ನು ಜೋಪಾನ ಮಾಡುವುದು

ಕರಗಿಸದೆ ಉಳಿದ ಚೂರನ್ನು ಒಣಗಿಸಿ, ತಂಪಾದ ಕತ್ತಲ ಜಾಗದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಗಾಜುಗಳ ಅಂಚಿಗೆ ನೇಲ್ ಪಾಲಿಶ್ ಬಳಿದರೆ ಗ್ಲಿಸರಾಲ್ ಬೇಗ ಒಣಗುವುದಿಲ್ಲ. ಹಲ್ಲನ್ನು ಅದೇ ದವಡೆಗೆ, ಅದೇ ಡಬ್ಬಿಗೆ ವಾಪಸ್ ಹಾಕಿ. ಯಾವ ಮಗ್ಗುಲಿನಿಂದ ಎಷ್ಟು ಮಿಲಿಗ್ರಾಂ ತೆಗೆದಿರಿ, ಯಾವ ದಿನ, ಯಾವ ಟ್ಯೂಬು ಎಂದು ಒಂದು ಚೀಟಿ ಬರೆದು ಚೀಲದೊಳಗೆ ಇಡಿ. ಇನ್ನೊಂದು ಪ್ರತಿ ಮ್ಯೂಸಿಯಂ ದಾಖಲೆಗೆ ಕೊಡಿ. ಚೀಟಿ ಪೆನ್ಸಿಲ್ಲಿನಲ್ಲೇ ಬರೆಯಿರಿ. ಮಳೆಗಾಲದ ತೇವಕ್ಕೆ ಇಂಕು ಹರಡುತ್ತದೆ, ಪೆನ್ಸಿಲ್ ಉಳಿಯುತ್ತದೆ.